ಒಂದೇ ಯಂತ್ರದಲ್ಲಿ ಕಾಣುವ ದೋಷ

ನಮ್ಮ ವಾಚನಾಲಯದ ಪುಸ್ತಕಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಪೈಥಾನ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆವು. ಮನೆಯ ಲಿನಕ್ಸ್ ಗಣಕದಲ್ಲಿ ಅದು ತೊಡಕಿಲ್ಲದೆ ನಡೆಯಿತು. ವಾಚನಾಲಯದ ವಿಂಡೋಸ್ ಗಣಕದಲ್ಲಿ ಕಡತವನ್ನು ಓದುವಾಗಲೇ ನಿಂತುಹೋಯಿತು. ಅಲ್ಲಿ ಕೂರುವ ತರುಣ ಸ್ವಯಂಸೇವಕನು ಏನನ್ನೋ ಕೆಡಿಸಿರಬೇಕೆಂದು ಕೆಲವರು ಅಂದರು. ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆದುಬಿಡೋಣವೆಂಬ ಸಲಹೆಯೂ ಬಂದಿತು. ಇವೆರಡೂ ತಪ್ಪು ದಾರಿಗಳೆಂದು ಆಮೇಲೆ ತಿಳಿಯಿತು. ಸರಿಯಾದ ದಾರಿ ಯಾವುದೆಂಬುದೇ ಈ ಪಾಠದ ವಿಷಯ.

ಪ್ರೋಗ್ರಾಂ ಒಂದೇ ಆಗಿದ್ದು ಫಲ ಬೇರೆಯಾದರೆ, ಎರಡು ಯಂತ್ರಗಳ ನಡುವೆ ಏನೋ ಒಂದು ವ್ಯತ್ಯಾಸ ಇದ್ದೇ ಇರಬೇಕು. ಆದಕಾರಣ ಮೊದಲು ಮಾಡತಕ್ಕ ಕೆಲಸವೆಂದರೆ ಪ್ರೋಗ್ರಾಮನ್ನು ತಿದ್ದುವುದಲ್ಲ, ವ್ಯತ್ಯಾಸಗಳನ್ನು ಪಟ್ಟಿಮಾಡುವುದು. ಕ್ರಮ ಹೀಗಿದೆ:

1. ದೋಷದ ಸಂದೇಶವನ್ನು ಮೊದಲಿನಿಂದ ಕೊನೆಯವರೆಗೆ ಬರೆದುಕೊಳ್ಳಿರಿ. ನೆನಪಿನಿಂದ ಹೇಳಬೇಡಿರಿ.

2. ಎರಡು ಕಡೆಯೂ ಪ್ರೋಗ್ರಾಮಿನ ಮತ್ತು ಕಡತದ ಪ್ರತಿ ಒಂದೇ ಹೌದೋ ಎಂದು ಹೋಲಿಸಿ ನೋಡಿರಿ.

3. ಪೈಥಾನ್ ಆವೃತ್ತಿ, ಸ್ಥಾಪಿಸಿರುವ ಗ್ರಂಥಾಲಯಗಳು, ಕಡತವಿರುವ ಜಾಗ, ಯಂತ್ರದ ಭಾಷಾ ಏರ್ಪಾಡು ಇವುಗಳನ್ನು ಎದುರುಬದುರಾಗಿ ಬರೆಯಿರಿ. ಕಡತದ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಲಿನಕ್ಸ್ ಎಣಿಸುತ್ತದೆ, ವಿಂಡೋಸ್ ಸಾಮಾನ್ಯವಾಗಿ ಎಣಿಸದು ಎಂಬುದನ್ನೂ ಮರೆಯಬಾರದು.

4. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಆಯಿತೆಂದು ತಿಳಿಯದು.

5. ಕಡತವನ್ನು ಅರ್ಧ ಮಾಡುತ್ತ ಹೋಗಿರಿ. ತೊಂದರೆ ಕೊಡುವ ಸಾಲು ಸಿಕ್ಕುವುದು.

ನಾವು ಹೀಗೆ ಮಾಡಿದಾಗ ಒಂದು ವಿಚಿತ್ರ ಕಂಡಿತು. 'ಸಖೀಗೀತ' ಎಂಬ ಒಂದೇ ಹೆಸರಿದ್ದ ಕಡತವನ್ನು ಯಂತ್ರ ನಿಲ್ಲದೆ ಓದಿತು, ಆದರೆ ಹದಿನೆಂಟು ಅರ್ಥವಿಲ್ಲದ ಚಿಹ್ನೆಗಳನ್ನು ತೋರಿಸಿತು. 'ಚೋಮನ ದುಡಿ' ಎಂದು ಬರೆದರೆ ನಿಂತೇಹೋಯಿತು. ಕಾರಣವೇನು?

ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಗುಣಿತದ ಚಿಹ್ನೆಗೂ ಮೂರು ಬೈಟ್‌ಗಳು ಬೇಕು. ಪೈಥಾನ್ 3.14ರ ವರೆಗಿನ ಆವೃತ್ತಿಗಳಲ್ಲಿ, ಸಂಕೇತಕ್ರಮವನ್ನು ಹೇಳದೆ ಕಡತ ತೆರೆದರೆ, ಯಂತ್ರದ ರೂಢಿಯಂತೆ ಓದಲಾಗುತ್ತದೆ. ಲಿನಕ್ಸಿನಲ್ಲಿ ರೂಢಿ ಸಾಮಾನ್ಯವಾಗಿ ಯುಟಿಎಫ್-8. ಇಂಗ್ಲಿಷ್ ವಿಂಡೋಸಿನಲ್ಲಿ ಸಾಮಾನ್ಯವಾಗಿ 1252 ಎಂಬ ಹಳೆಯ ಕೋಷ್ಟಕ. ಆ ಕೋಷ್ಟಕ ಒಂದು ಬೈಟನ್ನು ಒಂದು ಅಕ್ಷರವೆಂದೇ ತಿಳಿಯುತ್ತದೆ. ಆದ್ದರಿಂದಲೇ 'ಸಖೀಗೀತ'ದ ಆರು ಸಂಕೇತಗಳು ಹದಿನೆಂಟಾದವು. ಅದರ 256 ಮನೆಗಳಲ್ಲಿ 129, 141, 143, 144, 157 ಎಂಬ ಐದು ಮನೆಗಳು ಖಾಲಿ. ನಮ್ಮ ಉಕಾರದ ಕೊಂಬಿನ ಕೊನೆಯ ಬೈಟ್ 129. ಒತ್ತಕ್ಷರಕ್ಕೆ ಬೇಕಾದ ವಿರಾಮಚಿಹ್ನೆಯದು 141. ಕೊಂಬೂ ಒತ್ತೂ ಇಲ್ಲದ ಕನ್ನಡ ಪಟ್ಟಿ ಎಲ್ಲಿ ಸಿಕ್ಕೀತು?

ಪರಿಹಾರ ಒಂದೇ ಸಾಲಿನದು. ಕಡತವನ್ನು ತೆರೆಯುವ ಆಜ್ಞೆಯಲ್ಲಿಯೇ ಸಂಕೇತಕ್ರಮ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯಬೇಕು; ಓದುವಾಗಲೂ, ಬರೆಯುವಾಗಲೂ. ಆ ಒಂದು ಯಂತ್ರದ ಏರ್ಪಾಡನ್ನಷ್ಟೇ ಬದಲಿಸಿದರೆ, ನಾಳೆ ಬೇರೊಂದು ಯಂತ್ರದಲ್ಲಿ ದೋಷ ಮತ್ತೆ ತಲೆಯೆತ್ತುವುದು.

ಹೀಗೆ ನೋಡಿದರೆ, ತಪ್ಪು ವಾಚನಾಲಯದ ಗಣಕದ್ದೂ ಅಲ್ಲ, ಆ ತರುಣನದೂ ಅಲ್ಲ. ಹೇಳಬೇಕಾದುದನ್ನು ಹೇಳದೆ ಬಿಟ್ಟ ನಮ್ಮದು. ಮನೆಯ ಗಣಕ ಅದನ್ನು ಮುಚ್ಚಿಟ್ಟಿತ್ತು, ವಾಚನಾಲಯದ್ದು ಬಯಲುಮಾಡಿತು. "ನನ್ನಲ್ಲಿ ಸರಿಯಾಗಿದೆ" ಎಂಬ ಮಾತು ಉತ್ತರವಲ್ಲ, ಹುಡುಕಾಟದ ಆರಂಭ. ಪಟ್ಟಿ ಈಗ ಕನ್ನಡದಲ್ಲಿಯೇ ಇದೆ, ಮತ್ತು ಅದನ್ನು ಮುದ್ರಿಸಿದವನು ಆ ತರುಣನೇ.