ಚಿತ್ರತಟ್ಟೆಗಳ ಪೈಪೋಟಿ: ಹೊಸದನ್ನು ಕೊಳ್ಳುವುದು ಯಾವಾಗ?

ಬೆಳಗಾವಿ ಜಿಲ್ಲೆಯ ಕುಲಗೋಡ ಎಂದೊಡನೆ ನಮಗೆ ನೆನಪಾಗುವುದು ಶ್ರೀಕೃಷ್ಣ ಪಾರಿಜಾತ. ಆ ಆಟವನ್ನು ರಂಗದ ಮೇಲೆ ಬೆಳೆಸಿದ ತಮ್ಮಣ್ಣನು ಈ ಊರಿನವನು. ಅದರ ಹೆಸರಾಂತ ಕಲಾವಿದೆ ನಿಂಗಮ್ಮನ ಕೌಜಲಗಿಯೂ ಇದೇ ಸೀಮೆಯದು. ಇರುಳು ಬಯಲಿನಲ್ಲಿ ಆಡಿದ ಆಟವು ಬೆಳಗಾಗುತ್ತಲೇ ಮುಗಿದು, ನೋಡಿದವರ ನೆನಪಿನಲ್ಲಿ ಮಾತ್ರ ಉಳಿಯುತ್ತಿತ್ತು. ಕೈಯಲ್ಲಿ ಹಿಡಿಯುವ ಕ್ಯಾಮರಾಗಳೂ ಅಗ್ಗದ ಚಿತ್ರತಟ್ಟೆಗಳೂ ಬಂದ ಮೇಲೆ ಇಂಥ ಆಟವನ್ನು ಮನೆಯಲ್ಲಿಯೇ ಕುಳಿತು ಮತ್ತೆ ಮತ್ತೆ ನೋಡುವುದು ಸಾಧ್ಯವಾಯಿತು.

ಈ ಸೀಮೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಜಾತ್ರೆಯ ಪಾರಿಜಾತವನ್ನು ಮುದ್ರಿಸಿದ ಒಂದು ವಿ.ಸಿ.ಡಿ. ಇದೆ. ಈಗ ಬದುಕಿಲ್ಲದ ಅಜ್ಜನು ಅದರಲ್ಲಿ ಸತ್ಯಭಾಮೆಯಾಗಿ ಹಾಡುತ್ತಾನೆ. ತಟ್ಟೆಯನ್ನು ಓದುವ ಯಂತ್ರಕ್ಕೆ ಮುಪ್ಪು ಬಂದಿದೆ. ಒಬ್ಬರು ಡಿ.ವಿ.ಡಿ. ಯಂತ್ರವನ್ನು ಕೊಳ್ಳಿರೆನ್ನುತ್ತಾರೆ, ಇನ್ನೊಬ್ಬರು ಬ್ಲೂ-ರೇ ಎನ್ನುತ್ತಾರೆ, ಮೂರನೆಯವರು ತಟ್ಟೆಗಳ ಕಾಲವೇ ಮುಗಿಯಿತೆನ್ನುತ್ತಾರೆ. ಮನೆಯವರು ಯಾರ ಮಾತನ್ನು ಕೇಳಬೇಕು? ಭೌತಶಾಸ್ತ್ರವು ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ನೋಡೋಣ.

ತಟ್ಟೆಯ ಮೇಲಿನ ಬರಹ

ವಿ.ಸಿ.ಡಿ., ಡಿ.ವಿ.ಡಿ., ಬ್ಲೂ-ರೇ – ಈ ಮೂರೂ 12 ಸೆಂಟಿಮೀಟರು ವ್ಯಾಸದ ತಟ್ಟೆಗಳೇ. ಕಾರ್ಖಾನೆಯಲ್ಲಿ ಅಚ್ಚಾದ ತಟ್ಟೆಯ ಮೇಲೆ ಸುರುಳಿಯಾಕಾರದ ಒಂದೇ ಒಂದು ಜಾಡು ಇದ್ದು, ಅದರುದ್ದಕ್ಕೂ ಅತಿ ಸಣ್ಣ ಕುಳಿಗಳು ಸಾಲುಗಟ್ಟಿರುತ್ತವೆ. ಲೇಸರ್ ಕಿರಣವೊಂದು ಮಸೂರದ ಮೂಲಕ ಹಾದು ಜಾಡಿನ ಮೇಲೆ ಚುಕ್ಕಿಯಾಗಿ ಬೀಳುತ್ತದೆ. ಕುಳಿಯಿದ್ದಲ್ಲಿ ಹಿಂದಿರುಗುವ ಬೆಳಕು ಕಡಮೆಯಾಗುತ್ತದೆ, ಸಮತಲವಿದ್ದಲ್ಲಿ ಹೆಚ್ಚುತ್ತದೆ. ಈ ಏರಿಳಿತದಿಂದಲೇ ಚಿತ್ರ ಮತ್ತು ಧ್ವನಿಗಳು ಪುನಃ ಮೂಡುತ್ತವೆ.

ಹಾಗಾದರೆ ಕುಳಿಗಳನ್ನು ಇನ್ನಷ್ಟು ಕಿರಿದು ಮಾಡಿ, ಒತ್ತೊತ್ತಾಗಿ ತುಂಬಬಾರದೇಕೆ? ಬೆಳಕಿನ ಸ್ವಭಾವವೇ ಇದಕ್ಕೆ ಅಡ್ಡಿ. ಬೆಳಕು ತರಂಗವಾದುದರಿಂದ, ಎಷ್ಟೇ ಒಳ್ಳೆಯ ಮಸೂರವಾದರೂ ಅದನ್ನು ಬಿಂದುವಾಗಿ ಕೂಡಿಸಲಾರದು. ವಿವರ್ತನೆಯ ಕಾರಣದಿಂದ ಅದು ಒಂದು ಪುಟ್ಟ ಚುಕ್ಕಿಯಾಗಿ ಹರಡಿಯೇ ತೀರುತ್ತದೆ. ಆ ಚುಕ್ಕಿಯ ಅಗಲವನ್ನು ತಿಳಿಯುವ ಬಗೆ ಸುಲಭವಾಗಿದೆ. ಬೆಳಕಿನ ತರಂಗಾಂತರವನ್ನು ಮಸೂರದ ರಂಧ್ರಾಂಕದ ಇಮ್ಮಡಿಯಿಂದ ಭಾಗಿಸಿದರಾಯಿತು. ಮಸೂರವು ಬೆಳಕನ್ನು ಶಂಕುವಿನ ಆಕಾರದಲ್ಲಿ ಕೂಡಿಸುತ್ತದಷ್ಟೆ; ಆ ಶಂಕುವಿನ ಅರೆಕೋನದ ಸೈನ್ ಬೆಲೆಗೆ ಇಲ್ಲಿ ರಂಧ್ರಾಂಕವೆಂದು ಹೆಸರಿಟ್ಟಿದ್ದೇವೆ.

ಈಗ ಲೆಕ್ಕವನ್ನು ಮಾಡೋಣ. ಸಿ.ಡಿ. ಮತ್ತು ವಿ.ಸಿ.ಡಿ.ಗಳಿಗೆ 780 ನ್ಯಾನೊಮೀಟರಿನ ಅವಕೆಂಪು ಬೆಳಕು, 0.45 ರಂಧ್ರಾಂಕ, ಚುಕ್ಕಿಯ ಅಗಲ 867 ನ್ಯಾನೊಮೀಟರು. ಡಿ.ವಿ.ಡಿ.ಗೆ 650 ನ್ಯಾನೊಮೀಟರಿನ ಕೆಂಪು ಬೆಳಕು, 0.60 ರಂಧ್ರಾಂಕ, ಚುಕ್ಕಿ 542 ನ್ಯಾನೊಮೀಟರು. ಬ್ಲೂ-ರೇಗೆ 405 ನ್ಯಾನೊಮೀಟರಿನ ನೇರಳೆ ಬೆಳಕು, 0.85 ರಂಧ್ರಾಂಕ, ಚುಕ್ಕಿ 238 ನ್ಯಾನೊಮೀಟರು. ಬ್ಲೂ-ರೇಯೊಡನೆ ಸೆಣಸಿದ ಎಚ್.ಡಿ. ಡಿ.ವಿ.ಡಿ. ಎಂಬ ತಟ್ಟೆಯೂ ಅದೇ ನೇರಳೆ ಬೆಳಕನ್ನು ಬಳಸಿತು. ಆದರೆ ಅದರ ರಂಧ್ರಾಂಕ 0.65 ಮಾತ್ರ. ಆದುದರಿಂದ ಚುಕ್ಕಿ 312 ನ್ಯಾನೊಮೀಟರು.

ತಟ್ಟೆಯಲ್ಲಿ ಹಿಡಿಸುವ ಬರಹ ಚುಕ್ಕಿಯ ಕ್ಷೇತ್ರಫಲವನ್ನು ಅವಲಂಬಿಸಿರುತ್ತದೆ. ಎಂದರೆ, ಅಗಲಗಳ ನಿಷ್ಪತ್ತಿಯನ್ನು ವರ್ಗಮಾಡಬೇಕು. ಡಿ.ವಿ.ಡಿ.ಗಿಂತ ಬ್ಲೂ-ರೇಯಲ್ಲಿ 5.2ರಷ್ಟು, ಎಚ್.ಡಿ. ಡಿ.ವಿ.ಡಿ.ಯಲ್ಲಿ 3ರಷ್ಟು ಹೆಚ್ಚು ಹಿಡಿಸಬೇಕೆಂದು ನಮ್ಮ ಲೆಕ್ಕ ಹೇಳುತ್ತದೆ. ವಾಸ್ತವದಲ್ಲಿ ಒಂದು ಪದರದ ಡಿ.ವಿ.ಡಿ.ಯ ಸಾಮರ್ಥ್ಯ 4.7 ಗಿಗಾಬೈಟ್, ಬ್ಲೂ-ರೇಯದು 25, ಎಚ್.ಡಿ. ಡಿ.ವಿ.ಡಿ.ಯದು 15. ನಿಷ್ಪತ್ತಿಗಳು 5.3 ಮತ್ತು 3.2! ಕಾಗದದ ಮೇಲಿನ ಎರಡು ಸಾಲಿನ ಗಣಿತವು ಕಾರ್ಖಾನೆಯ ಕೆಲಸವನ್ನು ಇಷ್ಟು ಹತ್ತಿರದಿಂದ ಮುಂಗಾಣುವುದು ಸಂತೋಷದ ಸಂಗತಿಯಲ್ಲವೆ? ಸಿ.ಡಿ.ಯಿಂದ ಡಿ.ವಿ.ಡಿ.ಗೆ ಬರುವಾಗ ಮಾತ್ರ ಹೆಚ್ಚಳವು ಲೆಕ್ಕಕ್ಕಿಂತ ಮಿಗಿಲಾಗಿದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಎಚ್ಚರಿಕೆಗಾಗಿ ಬಿಟ್ಟಿದ್ದ ಎಡೆಯನ್ನು ಡಿ.ವಿ.ಡಿ.ಯಲ್ಲಿ ಬಿಗಿಮಾಡಿದುದೂ ಬರಹದ ಸಂಕೇತಕ್ರಮವನ್ನು ಸುಧಾರಿಸಿದುದೂ ಇದಕ್ಕೆ ಕಾರಣ.

ಪೈಪೋಟಿಯ ಕಥೆ

ಮನೆಯ ಚಿತ್ರತಟ್ಟೆಗಳ ಕಾಳಗ ಇಂದು ನಿನ್ನೆಯದಲ್ಲ. 1978ರಲ್ಲಿ ಅಮೆರಿಕದಲ್ಲಿ ಲೇಸರ್ ಡಿಸ್ಕ್ ಮಾರಾಟಕ್ಕೆ ಬಂದಿತು. 1981ರಲ್ಲಿ ಆರ್.ಸಿ.ಎ. ಸಂಸ್ಥೆಯು, ಗ್ರಾಮಾಫೋನಿನಂತೆ ಜಾಡಿನಲ್ಲಿ ಮುಳ್ಳು ಓಡುವ ಇನ್ನೊಂದು ಬಗೆಯ ಚಿತ್ರತಟ್ಟೆಯನ್ನು ತಂದು, 1984ರಲ್ಲಿ ಅದರ ಯಂತ್ರಗಳ ತಯಾರಿಕೆಯನ್ನು ಕೈಬಿಡುವುದಾಗಿ ಸಾರಿತು. ಅದನ್ನು ಕೊಂಡವರ ಹಣ ಅಲ್ಲಿಗೆ ನಿಂತಿತು. 1995ರಲ್ಲಿ ಸೋನಿ ಮತ್ತು ಫಿಲಿಪ್ಸ್ ಒಂದು ಕಡೆ, ತೊಷಿಬಾ ಮತ್ತು ಅದರ ಸಂಗಡಿಗರು ಇನ್ನೊಂದು ಕಡೆ ನಿಂತು ಎರಡು ಬೇರೆ ಬೇರೆ ತಟ್ಟೆಗಳನ್ನು ಮುಂದಿಟ್ಟಾಗ, ಈ ಪಾಠ ಎಲ್ಲರಿಗೂ ನೆನಪಿಗೆ ಬಂದಿರಬೇಕು. ಅದೇ ವರ್ಷ ರಾಜಿಯಾಗಿ, ಡಿ.ವಿ.ಡಿ. ಎಂಬ ಒಂದೇ ತಟ್ಟೆ ಹುಟ್ಟಿತು.

ಆದರೆ 2006ರಲ್ಲಿ ರಾಜಿಯಾಗಲಿಲ್ಲ. ತೊಷಿಬಾದ ಎಚ್.ಡಿ. ಡಿ.ವಿ.ಡಿ.ಯಲ್ಲಿ ಕುಳಿಗಳ ಮೇಲಿನ ಪಾರದರ್ಶಕ ಹೊದಿಕೆ, ಡಿ.ವಿ.ಡಿ.ಯಂತೆಯೇ 0.6 ಮಿಲಿಮೀಟರು ದಪ್ಪವಾಗಿತ್ತು. ಹಳೆಯ ಕಾರ್ಖಾನೆಗಳನ್ನು ಸ್ವಲ್ಪ ಮಾರ್ಪಡಿಸಿಕೊಂಡರೆ ಸಾಕಾಗಿತ್ತು. ಸೋನಿಯೇ ಮೊದಲಾದವರ ಬ್ಲೂ-ರೇಯಲ್ಲಿ ಹೊದಿಕೆ 0.1 ಮಿಲಿಮೀಟರು ಮಾತ್ರ. ಮಸೂರದ ರಂಧ್ರಾಂಕ ಹೆಚ್ಚಿದಂತೆಲ್ಲ, ತಟ್ಟೆಯು ಕಿಂಚಿತ್ತು ಓರೆಯಾದರೂ ಚುಕ್ಕಿ ಕೆಡುತ್ತದೆ. ಹೊದಿಕೆಯನ್ನು ತೆಳುವಾಗಿಸಿದರೆ ಈ ಕೇಡು ತಗ್ಗುತ್ತದೆ. ಹೀಗೆ ಒಂದರಲ್ಲಿ ಅಗ್ಗದ ತಯಾರಿಕೆ, ಇನ್ನೊಂದರಲ್ಲಿ ಹೆಚ್ಚಿನ ಸಾಮರ್ಥ್ಯ. ಗೆಲುವನ್ನು ಭೌತಶಾಸ್ತ್ರವೊಂದೇ ನಿರ್ಣಯಿಸಲಿಲ್ಲ. ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರದೊಳಗೆ ಬ್ಲೂ-ರೇ ಮನೆಮನೆಯನ್ನು ಹೊಕ್ಕಿತು. 2008ರ ಜನವರಿಯಲ್ಲಿ ವಾರ್ನರ್ ಚಿತ್ರಸಂಸ್ಥೆ ಬ್ಲೂ-ರೇಯ ಪಕ್ಷವನ್ನು ಸೇರಿತು. ಫೆಬ್ರುವರಿ 19ರಂದು ತೊಷಿಬಾ ಸೋಲನ್ನೊಪ್ಪಿತು.

ಈ ದೊಡ್ಡ ಕಾಳಗ ನಡೆಯುತ್ತಿದ್ದಾಗ ನಮ್ಮ ದೇಶದಲ್ಲಿ ಆಗುತ್ತಿದ್ದುದೇನು? 1993ರಲ್ಲಿ ರೂಪುಗೊಂಡ ವಿ.ಸಿ.ಡಿ.ಯೇ ಇಲ್ಲಿ ಇನ್ನೂ ಚಲಾವಣೆಯಲ್ಲಿತ್ತು. 2007ರಲ್ಲಿ ಮೋಸರ್ ಬೇರ್ ಸಂಸ್ಥೆಯು ಚಲನಚಿತ್ರದ ವಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವಿ.ಡಿ.ಯನ್ನು 34 ರೂಪಾಯಿಗೂ ಮಾರಲು ತೊಡಗಿತು. ಆರು ರೂಪಾಯಿಯ ಅಂತರ! ತಟ್ಟೆಯ ಬೆಲೆಯನ್ನಷ್ಟೇ ನೋಡಿದರೆ ಅಂದು ಡಿ.ವಿ.ಡಿ.ಗೆ ಹೋಗಲು ಹಿಂಜರಿಯಬೇಕಾಗಿರಲಿಲ್ಲ. ಆದರೆ ಆ ಹೆಚ್ಚಿನ ವಿವರವು ನೋಡುವವನ ಕಣ್ಣಿಗೆ ಕಾಣುತ್ತಿತ್ತೆ?

ಕಣ್ಣೇ ತಕ್ಕಡಿ

ಬಿಳಿಯ ಕಾಗದದ ಮೇಲೆ ಒಂದೊಂದು ಮಿಲಿಮೀಟರು ಅಂತರದಲ್ಲಿ ಕಪ್ಪು ಗೆರೆಗಳನ್ನೆಳೆದು ಗೋಡೆಗೆ ಅಂಟಿಸಿ, ಹಿಂದಕ್ಕೆ ಸರಿಯುತ್ತ ಹೋಗಿರಿ. ಸುಮಾರು ಮೂರೂವರೆ ಮೀಟರು ದೂರಕ್ಕೆ ಗೆರೆಗಳು ಕಲೆತು ಬೂದುಬಣ್ಣವಾಗುತ್ತವೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರುವತ್ತರಲ್ಲೊಂದು ಪಾಲಿಗಿಂತ ಕಿರಿದಾದ ಕೋನವನ್ನು ಸಾಮಾನ್ಯವಾಗಿ ಬಿಡಿಸಿ ನೋಡಲಾರದು. ಆದುದರಿಂದ ಗೆರೆಗಳ ಅಂತರವನ್ನು 3,438ರಿಂದ ಗುಣಿಸಿದರೆ, ಅವು ಕಲೆತುಹೋಗುವ ದೂರ ಸಿಕ್ಕುತ್ತದೆ.

ಹಳೆಯ 21 ಅಂಗುಲದ ಟೆಲಿವಿಷನ್ನಿನ ಚಿತ್ರದ ಎತ್ತರ ಸುಮಾರು 32 ಸೆಂಟಿಮೀಟರು. ನಮ್ಮ ದೇಶದ ಕ್ರಮದಲ್ಲಿ ವಿ.ಸಿ.ಡಿ.ಯ ಚಿತ್ರಕ್ಕೆ 288 ಗೆರೆಗಳು. ಅವು ಕಲೆಯುವುದು 3.8 ಮೀಟರು ದೂರದಲ್ಲಿ. ಡಿ.ವಿ.ಡಿ.ಗೆ 576 ಗೆರೆಗಳು, ಅವು 1.9 ಮೀಟರಿನಲ್ಲಿಯೇ ಕಲೆಯುತ್ತವೆ. ಪಡಸಾಲೆಯಲ್ಲಿ ಮೂರು ಮೀಟರು ದೂರ ಕುಳಿತವರಿಗೆ ಡಿ.ವಿ.ಡಿ.ಯ ಲಾಭ ಕಂಡೀತು. ಅದಕ್ಕೂ ಹೆಚ್ಚಿನದರಿಂದ ಏನೂ ಪ್ರಯೋಜನವಿಲ್ಲ. ಆ ಟೆಲಿವಿಷನ್ ತೋರಿಸುವುದೂ ಅಷ್ಟೇ ಗೆರೆಗಳನ್ನು.

ಈಗ 42 ಅಂಗುಲದ ಚಪ್ಪಟೆ ಪರದೆಯನ್ನು ತೆಗೆದುಕೊಳ್ಳೋಣ. ಅದರ ಎತ್ತರ 52 ಸೆಂಟಿಮೀಟರು. ಡಿ.ವಿ.ಡಿ.ಯ ಗೆರೆಗಳು 3.1 ಮೀಟರಿನಲ್ಲಿ ಕಲೆಯುತ್ತವೆ. ಬ್ಲೂ-ರೇಯ 1,080 ಗೆರೆಗಳು 1.7 ಮೀಟರಿನಲ್ಲಿ. ಎರಡು ಮೀಟರಿನಲ್ಲಿ ಕುಳಿತರೆ ಬ್ಲೂ-ರೇಯ ಹೆಚ್ಚಳ ಕಾಣುತ್ತದೆ. ಮೂರೂವರೆ ಮೀಟರಿನಲ್ಲಿ ಕುಳಿತರೆ ಕಾಣದು. 2016ರಲ್ಲಿ ಬಂದ ಅಲ್ಟ್ರಾ ಎಚ್.ಡಿ. ಬ್ಲೂ-ರೇಯ 2,160 ಗೆರೆಗಳನ್ನು ಬಿಡಿಸಿ ನೋಡಬೇಕಾದರೆ ಇದೇ ಪರದೆಗೆ 83 ಸೆಂಟಿಮೀಟರಿನಷ್ಟು ಸಮೀಪ ಹೋಗಬೇಕು! ಬಣ್ಣ ಮತ್ತು ಪ್ರಕಾಶಗಳಲ್ಲಿ ಅದು ಮೇಲಾಗಿರಬಹುದು. ಆ ಮಾತು ಬೇರೆ. ಒಟ್ಟಿನಲ್ಲಿ, ಹೊಸ ತಟ್ಟೆಗೆ ಹೋಗುವ ಮುನ್ನ ಅಳೆಯಬೇಕಾದುದು ಪರದೆಯ ಎತ್ತರವನ್ನು ಮತ್ತು ಕುರ್ಚಿಯ ದೂರವನ್ನು. ಮನೆಯಲ್ಲಿರುವ ಅಳತೆಪಟ್ಟಿ ಇದಕ್ಕೆ ಸಾಕು.

ಅಜ್ಜನ ತಟ್ಟೆ

ಇಷ್ಟಾದ ಮೇಲೆ ನಮ್ಮ ಮೊದಲಿನ ಮನೆಗೆ ಮರಳೋಣ. ಅಜ್ಜನ ಆಟವನ್ನು 288 ಗೆರೆಗಳಲ್ಲಿ ಬರೆದಾಗಿದೆ. ಅದನ್ನು ಯಾವ ಯಂತ್ರದಲ್ಲಿಟ್ಟರೂ 289ನೆಯ ಗೆರೆ ಹುಟ್ಟಲಾರದು. ಬರೆದವನು ಬಿಟ್ಟ ವಿವರವನ್ನು ಓದುವವನು ತುಂಬಲಾರನು. ಆದುದರಿಂದ ಈ ತಟ್ಟೆಗಾಗಿ ಬ್ಲೂ-ರೇ ಯಂತ್ರವನ್ನು ಕೊಳ್ಳುವುದು ವ್ಯರ್ಥ. ಅಷ್ಟೇ ಅಲ್ಲ, ಬ್ಲೂ-ರೇ ಯಂತ್ರಗಳಲ್ಲಿ ಎಲ್ಲವೂ ವಿ.ಸಿ.ಡಿ.ಯನ್ನು ಓದಲಾರವು, ಡಿ.ವಿ.ಡಿ. ಯಂತ್ರಗಳಲ್ಲಿ ಹೆಚ್ಚಿನವು ಓದುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಹಳ್ಳಿಯ ಆಟವನ್ನು ಬರೆದ ತಟ್ಟೆಯು ಕಾರ್ಖಾನೆಯಲ್ಲಿ ಅಚ್ಚಾದುದಲ್ಲ, ಗಣಕಯಂತ್ರದಲ್ಲಿ ಬರೆದದ್ದು. ಅಲ್ಲಿ ಕುಳಿಗಳಿಗೆ ಬದಲಾಗಿ ಒಂದು ಬಣ್ಣದ ಪದರವಿದ್ದು, ಬರೆಯುವ ಲೇಸರ್ ಅದನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡಿರುತ್ತದೆ. ಈ ಬಣ್ಣವು ಡಿ.ವಿ.ಡಿ.ಯ ಕೆಂಪು ಬೆಳಕನ್ನು ಸರಿಯಾಗಿ ಪ್ರತಿಫಲಿಸದು. ಯಂತ್ರದಲ್ಲಿ 780 ನ್ಯಾನೊಮೀಟರಿನ ಎರಡನೆಯ ಲೇಸರ್ ಇರಲೇಬೇಕು. ಮೇಲಾಗಿ ಬಿಸಿಲು, ಸೆಕೆ, ತೇವಗಳಿಂದ ಬಣ್ಣವು ಮೆಲ್ಲಗೆ ಕೆಡುತ್ತದೆ. ನಾವು ತಟ್ಟೆಗಳ ಸೋಲುಗೆಲುವುಗಳನ್ನು ಲೆಕ್ಕಿಸುತ್ತಿರುವಾಗ ಪೆಟ್ಟಿಗೆಯೊಳಗೆ ಅಜ್ಜನ ಮುಖ ಮಾಸುತ್ತಿರಬಹುದು.

ಆದುದರಿಂದ ಮನೆಯವರು ಮೊದಲು ಮಾಡಬೇಕಾದುದು ನಕಲು. ಅಂಕಿಗಳ ರೂಪದಲ್ಲಿರುವ ಬರಹಕ್ಕೆ ಒಂದು ದೊಡ್ಡ ಗುಣವಿದೆ: ಇದ್ದುದನ್ನು ಇದ್ದಂತೆಯೇ ನಕಲು ಮಾಡಿದರೆ ಒಂದು ಅಕ್ಷರವೂ ಕಳೆಯುವುದಿಲ್ಲ. ಬೇರೆ ರೂಪಕ್ಕೆ ಪರಿವರ್ತಿಸಿದರೆ ಕಳೆಯಬಹುದು; ಹಾಗಾಗಿ ಮೂಲ ಕಡತವನ್ನು ಹಾಗೆಯೇ ಎರಡು ಬೇರೆ ಬೇರೆ ಕಡೆಗಳಲ್ಲಿ ಇಡತಕ್ಕದ್ದು. 2008ರ ವಿಜಯಿಯ ಪಾಡನ್ನೂ ನೋಡಿರಿ: 2025ರ ಫೆಬ್ರುವರಿಯಲ್ಲಿ ಸೋನಿ ಸಂಸ್ಥೆಯೇ ಬರೆಯಬಹುದಾದ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ನಿಲ್ಲಿಸಿತು. ಯಾವ ತಟ್ಟೆಯೂ ಶಾಶ್ವತವಲ್ಲ. ಒಂದರಿಂದ ಇನ್ನೊಂದಕ್ಕೆ ದಾಟಿಸಿದ ಬರಹ ಮಾತ್ರ ಉಳಿಯುತ್ತದೆ.

ಹೊಸ ಯಂತ್ರವನ್ನು ಕೊಳ್ಳುವುದು ಕಣ್ಣು ಬೇಡಿದಾಗ ಆದೀತು, ಅದಕ್ಕೆ ಅವಸರವಿಲ್ಲ. ಹಳೆಯ ತಟ್ಟೆಯನ್ನು ನಕಲು ಮಾಡುವ ಕಾಲವಾದರೋ, ಅದನ್ನು ಓದುವ ಯಂತ್ರ ಇನ್ನೂ ತಿರುಗುತ್ತಿರುವಾಗಲೇ. ನಮ್ಮ ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮ ಮನೆಯ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಲಿ.