ರಟ್ಟೆ ಹಿಡಿದು ಎಳೆಯಬೇಡಿ, ತಾವೇ ಏಳಲಿ

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಏಳು ವಾರದ ಹಿಂದೆ ಬಲಭಾಗಕ್ಕೆ ಲಕ್ವ ಹೊಡೆಯಿತು. ಈಗ ಬಿಪಿ ಹತೋಟಿಯಲ್ಲಿದೆ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ, ಬಲಗೈ ಬೆರಳು ಸ್ವಲ್ಪ ಬಿಚ್ಚುತ್ತಾರೆ. ನೋಡಲು ಬಂದವರೆಲ್ಲ, ‘ವಿಶ್ರಾಂತಿ ಕೊಡಿ, ಎಣ್ಣೆ ತಿಕ್ಕಿಸಿ, ಮೂರು ತಿಂಗಳಲ್ಲಿ ಬಂದಷ್ಟೇ ಬಂತು’ ಅನ್ನುತ್ತಾರೆ. ವ್ಯಾಯಾಮ ಎಷ್ಟು ಮಾಡಿಸಬೇಕು?
– ಹೆಸರು ಬೇಡ, ಹಾವೇರಿ

ಉತ್ತರ: ತಂದೆಯವರ ಬೆರಳು ತಾವಾಗಿ ಬಿಚ್ಚುತ್ತಿವೆ. ಈ ಪತ್ರದಲ್ಲಿರುವ ದೊಡ್ಡ ಸಮಾಧಾನದ ಸಂಗತಿ ಅದೇ. ವಿಶ್ರಾಂತಿಯ ಹೆಸರಲ್ಲಿ ಆ ಕೈಯನ್ನು ಮಡಿಲಲ್ಲಿ ಮಲಗಿಸಿಡಬಾರದು.

ಮೆದುಳಿನಲ್ಲಿ ಸತ್ತ ಜೀವಕೋಶಗಳು ಮರಳಿ ಬದುಕುವುದಿಲ್ಲ. ಉಳಿದ ಭಾಗ ಮಾತ್ರ ಆ ಕೆಲಸವನ್ನು ಹೊಸದಾಗಿ ಕಲಿಯಬಲ್ಲದು, ಅದೂ ರೋಗಿ ತಾನೇ ಮತ್ತೆ ಮತ್ತೆ ಪ್ರಯತ್ನಿಸಿದರೆ. ಎಣ್ಣೆ ತಿಕ್ಕಿದರೆ ಹಿತವೆನಿಸೀತು, ಆದರೆ ಅಭ್ಯಾಸದ ಜಾಗವನ್ನು ಅದು ತುಂಬಲಾರದು. ಬಿಸಿನೀರಿನ ಶಾಖವಂತೂ ಬೇಡ. ಸ್ಪರ್ಶಜ್ಞಾನ ಕುಂದಿದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಚುರುಕಾಗಿರುತ್ತದೆ, ನಿಜ. ಆಮೇಲೆ ಬಾಗಿಲು ಮುಚ್ಚಿತು ಎಂಬ ಮಾತು ಸುಳ್ಳು. ಅಮೆರಿಕದ ‘ಎಕ್ಸೈಟ್’ ಅಧ್ಯಯನಕ್ಕೆ ಸೇರಿದ 222 ಮಂದಿಗೆ ಲಕ್ವ ಹೊಡೆದು ಆಗಲೇ 3ರಿಂದ 9 ತಿಂಗಳಾಗಿತ್ತು. ಅವರಲ್ಲಿ ಒಂದು ಗುಂಪಿನವರ ಗಟ್ಟಿಗೈಗೆ ಎರಡು ವಾರ, ಎಚ್ಚರವಿದ್ದ ಹೊತ್ತಿನ ಬಹುಪಾಲು, ಗವಸು ತೊಡಿಸಿ ಸೋತ ಕೈಯಿಂದಲೇ ಕೆಲಸ ಮಾಡಿಸಿದರು. ಆ ಕೈಯ ಬಳಕೆ ಸುಧಾರಿಸಿತು, ವರ್ಷದ ನಂತರವೂ ಉಳಿದಿತ್ತು ಎಂದು 2006ರ ವರದಿ ಹೇಳಿತು. ಮಣಿಕಟ್ಟು, ಬೆರಳು ಒಂದಿಷ್ಟಾದರೂ ಬಿಚ್ಚುವವರಿಗೆ ಮಾತ್ರ ಈ ವಿಧಾನ ಸರಿ. ಹಾಗಾಗಿ ತಂದೆಯವರ ಕೈಯನ್ನು ಫಿಸಿಯೋಥೆರಪಿಸ್ಟರಿಗೆ ತೋರಿಸಿ ಕೇಳಬೇಕು.

ಇನ್ನು ಎಷ್ಟು ಎಂಬ ಪ್ರಶ್ನೆ. ಬ್ರಿಟನ್ನಿನ 2023ರ ನೈಸ್ ಮಾರ್ಗಸೂಚಿ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ 5 ದಿನ ಎನ್ನುತ್ತದೆ. ನಡಿಗೆ, ಕೈಕೆಲಸ, ಮಾತು ಎಲ್ಲದರ ತರಬೇತಿ ಅದರಲ್ಲಿ ಸೇರಿದೆ. ನಮ್ಮ ಊರುಗಳಲ್ಲಿ ಅಷ್ಟು ಹೊತ್ತು ತಜ್ಞರು ಸಿಗುವುದು ಕಷ್ಟ. ಹಾಗೆಂದು ಎಲ್ಲವನ್ನೂ ಮನೆಯವರ ಮೇಲೆ ಹಾಕುವುದೂ ಸರಿಯಲ್ಲ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ‘ಅಟೆಂಡ್’ ಅಧ್ಯಯನದಲ್ಲಿ, ಮನೆಯವರಿಗೆ ತರಬೇತಿ ಕೊಟ್ಟು ಮಾಡಿಸಿದ ಪುನಶ್ಚೇತನದಿಂದ ಮಾಮೂಲಿ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ವಾರಕ್ಕೆ ಒಂದೆರಡು ಸಲವಾದರೂ ಫಿಸಿಯೋಥೆರಪಿಸ್ಟ್ ನೋಡಿ, ಅಭ್ಯಾಸವನ್ನು ತಿದ್ದಿ, ಹೆಚ್ಚಿಸುತ್ತಿರಬೇಕು. ನಡುವಿನ ದಿನಗಳಲ್ಲಿ ಹತ್ತು ಹದಿನೈದು ನಿಮಿಷದ ಕಂತುಗಳಲ್ಲಿ, ನಡುವೆ ದಣಿವಾರಿಸಿಕೊಂಡು, ಮನೆಯಲ್ಲಿ ಮುಂದುವರಿಸಬಹುದು. ಶೇಂಗಾ ಬಿಡಿಸುವುದು, ಬಟ್ಟೆ ಮಡಚುವುದು, ಲೋಟ ಎತ್ತಿಡುವುದು ಬಲಗೈಗೆ ಒಳ್ಳೆಯ ಕೆಲಸಗಳು.

ಕಾಲಿಗೆ ಕುರ್ಚಿಯೇ ಸಾಕು. ಅದನ್ನು ಗೋಡೆಗೆ ಒತ್ತರಿಸಿಡಬೇಕು. ತಂದೆಯವರು ಅಂಚಿಗೆ ಸರಿದು ಕೂತು, ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆಳೆದು, ಎದೆ ಮುಂದೆ ಬಾಗಿಸಿ ಏಳಲಿ. ಸಾಮಾನ್ಯವಾಗಿ ಎಲ್ಲರೂ ಗಟ್ಟಿಗಾಲಿನ ಮೇಲೇ ಭಾರ ಹಾಕಿ ಏಳುತ್ತಾರೆ. ಸೋತ ಪಾದವನ್ನು ಇನ್ನೊಂದಕ್ಕಿಂತ ಅರ್ಧ ಹೆಜ್ಜೆ ಹಿಂದಿಟ್ಟರೆ ಭಾರ ಅದರ ಮೇಲೂ ಬೀಳುತ್ತದೆ. ನಿಧಾನವಾಗಿ ಕೂರುವುದೂ ಅಷ್ಟೇ ಮುಖ್ಯ, ಧೊಪ್ಪನೆ ಕುಸಿಯಬಾರದು.

ಈ ಹೊತ್ತಿನಲ್ಲೇ ಮನೆಯವರು ಪ್ರೀತಿಯಿಂದ ಒಂದು ತಪ್ಪು ಮಾಡುತ್ತಾರೆ: ಸೋತ ರಟ್ಟೆ ಹಿಡಿದು ಎಳೆಯುತ್ತಾರೆ. ಭುಜದ ಗುಂಡು ಕೂರುವ ಕುಳಿ ತೀರಾ ಆಳವಿಲ್ಲ, ಅದನ್ನು ಸ್ನಾಯುಗಳೇ ಹಿಡಿದಿರುತ್ತವೆ. ಸ್ನಾಯು ಸಡಿಲವಾಗಿರುವಾಗ ಎಳೆದರೆ ಕೀಲು ಜಗ್ಗಿ ನೋವು ಶುರುವಾಗುತ್ತದೆ. ನೋವಿಗೆ ಹೆದರಿ ರೋಗಿ ಕೈ ಮುಟ್ಟಲೂ ಬಿಡದೆ, ಆ ಕೈಯ ವ್ಯಾಯಾಮವೇ ನಿಂತುಹೋಗುತ್ತದೆ. ಬಲಪಕ್ಕದಲ್ಲಿ ನಿಂತು ಸೊಂಟಕ್ಕೆ ಆಸರೆ ಕೊಟ್ಟರೆ ಸಾಕು. ಅರ್ಧ ನಿಮಿಷ ಹೆಚ್ಚು ಹಿಡಿದರೂ ಅವರೇ ಏಳಲಿ.

ಎದೆನೋವು, ಉಬ್ಬಸ, ತಲೆಸುತ್ತು ಬಂದರೆ ಆ ಕ್ಷಣವೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಬಾಯಿ ಸೊಟ್ಟಗಾದರೆ, ಮಾತು ಮತ್ತೆ ತೊದಲಿದರೆ, ಕೈಕಾಲು ಹೊಸದಾಗಿ ಸೋತರೆ ತಡಮಾಡದೆ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕು. ನಡೆಯುವಾಗ ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿಯಿರುವುದು ಬೇಕು. ಬಲಪಾದದ ತುದಿ ನೆಲಕ್ಕೆ ಉಜ್ಜುತ್ತಿದ್ದರೆ ಮುಂದಿನ ಭೇಟಿಯಲ್ಲಿ ಮರೆಯದೆ ಹೇಳಿ. ಕಣಕಾಲಿಗೆ ತೊಡುವ ಹಗುರ ಪ್ಲಾಸ್ಟಿಕ್ ಪಟ್ಟಿಯಿಂದ ಎಡವುವುದು ಕಡಿಮೆಯಾಗುತ್ತದೆ.