ಬೋರಿನ ಸ್ಟಾರ್ಟರೂ ಏಣಿಚಿತ್ರವೂ

ನಮ್ಮ ಬೆಳುಗುಪ್ಪದ ಸುತ್ತಲಿನ ಯಾವ ತೋಟಕ್ಕೆ ಹೋದರೂ ಬೋರಿನ ಬಳಿ ಒಂದು ಕಂಬ, ಕಂಬಕ್ಕೆ ತಗುಲಿಸಿದ ಒಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಹಸುರು ಮತ್ತು ಕೆಂಪು ಬಣ್ಣದ ಎರಡು ಗುಂಡಿಗಳು ಕಾಣಿಸುತ್ತವೆ. ಮಳೆಯನ್ನು ನಂಬಲಾರದೆ ಬೋರನ್ನು ನಂಬಿ ಬದುಕುವ ಈ ಸೀಮೆಯಲ್ಲಿ ಆ ಪೆಟ್ಟಿಗೆಯನ್ನು ಕಾಣದ ಮಗುವಿಲ್ಲ. ಹಸುರು ಗುಂಡಿಯನ್ನು ಒತ್ತಿದರೆ ಮೋಟಾರು ಓಡುತ್ತದೆ. ಕೆಂಪು ಗುಂಡಿಯನ್ನು ಒತ್ತಿದರೆ ನಿಲ್ಲುತ್ತದೆ. ಆದರೆ ಹಸುರು ಗುಂಡಿಯಿಂದ ಬೆರಳನ್ನು ತೆಗೆದ ಮೇಲೆಯೂ ಮೋಟಾರು ಓಡುತ್ತಲೇ ಇರುವುದೇಕೆ? ಕರೆಂಟು ಹೋಗಿ ಮರಳಿ ಬಂದಾಗ ಅದು ತಾನಾಗಿ ಓಡದಿರುವುದೇಕೆ? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಂಡ ವಿದ್ಯಾರ್ಥಿಯು, ಇಂದಿನ ಕಾರ್ಖಾನೆಗಳ ಯಂತ್ರಗಳನ್ನು ಆಳುವ ಚಿತ್ರಭಾಷೆಯ ಮೊದಲ ಪಾಠವನ್ನು ಆಗಲೇ ಕಲಿತಿರುತ್ತಾನೆ.

ಪೆಟ್ಟಿಗೆಯೊಳಗೆ ತಾಮ್ರದ ತಂತಿಯ ಒಂದು ಸುರುಳಿಯಿದೆ. ಹಸುರು ಗುಂಡಿಯನ್ನು ಒತ್ತಿದಾಗ ಸುರುಳಿಯಲ್ಲಿ ವಿದ್ಯುತ್ತು ಹರಿದು ಅದು ಅಯಸ್ಕಾಂತವಾಗುತ್ತದೆ. ತನ್ನ ಎದುರಿಗಿರುವ ಕಬ್ಬಿಣದ ತುಂಡನ್ನು ಸೆಳೆದುಕೊಳ್ಳುತ್ತದೆ. ಆ ತುಂಡಿನೊಡನೆ ಮೂರು ದೊಡ್ಡ ಸಂಪರ್ಕಗಳು ಕೂಡಿಕೊಂಡು ಮೂರು ಫೇಸುಗಳ ವಿದ್ಯುತ್ತು ಮೋಟಾರಿಗೆ ಮುಟ್ಟುತ್ತದೆ. ಇದಿಷ್ಟೇ ಆಗಿದ್ದರೆ ಬೆರಳು ತೆಗೆದೊಡನೆ ಮೋಟಾರು ನಿಂತುಬಿಡುತ್ತಿತ್ತು. ಆದರೆ ಮೂರು ದೊಡ್ಡ ಸಂಪರ್ಕಗಳ ಜೊತೆಗೆ ನಾಲ್ಕನೆಯದಾಗಿ ಒಂದು ಚಿಕ್ಕ ಸಂಪರ್ಕವೂ ಕೂಡಿಕೊಳ್ಳುತ್ತದೆ. ಅದನ್ನು ಹಸುರು ಗುಂಡಿಯ ಪಕ್ಕದಲ್ಲಿ, ಗುಂಡಿಗೆ ಸಮಾಂತರವಾಗಿ ಜೋಡಿಸಿರುತ್ತಾರೆ. ಬೆರಳು ತೆಗೆದಾಗ ಗುಂಡಿಯ ದಾರಿ ಮುಚ್ಚುತ್ತದೆ. ಆದರೆ ಈ ಚಿಕ್ಕ ಸಂಪರ್ಕದ ದಾರಿಯಲ್ಲಿ ಸುರುಳಿಗೆ ವಿದ್ಯುತ್ತು ಬರುತ್ತಲೇ ಇರುತ್ತದೆ. ಸುರುಳಿಯು ತನ್ನನ್ನು ತಾನೇ ಹಿಡಿದುಕೊಂಡಿದೆ ಎನ್ನಬಹುದು. ಕೆಂಪು ಗುಂಡಿಯೋ, ಇವೆರಡಕ್ಕೂ ಮುಂದೆ ಒಂದೇ ಸಾಲಿನಲ್ಲಿ ನಿಂತಿದೆ. ಅದನ್ನು ಒತ್ತಿದರೆ ದಾರಿ ಕಡಿದು ಹೋಗಿ ಸುರುಳಿಯ ಹಿಡಿತ ಸಡಿಲುತ್ತದೆ. ಕರೆಂಟು ಹೋದಾಗಲೂ ಹೀಗೆಯೇ. ಮರಳಿ ಬಂದಾಗ ಗುಂಡಿಯ ದಾರಿಯೂ ಇಲ್ಲ, ಚಿಕ್ಕ ಸಂಪರ್ಕದ ದಾರಿಯೂ ಇಲ್ಲ. ಆದುದರಿಂದ ಮನುಷ್ಯನ ಬೆರಳಿಗಾಗಿ ಯಂತ್ರವು ಕಾದಿರುತ್ತದೆ.

ಈಗ ಒಂದು ಹಾಳೆಯನ್ನು ತೆಗೆದುಕೊಂಡು ಇದನ್ನೇ ಚಿತ್ರವಾಗಿ ಬರೆಯಿರಿ. ಎಡಕ್ಕೂ ಬಲಕ್ಕೂ ಒಂದೊಂದು ನೆಟ್ಟನೆಯ ಗೆರೆ. ಅವು ಏಣಿಯ ಎರಡು ಕಾಲುಗಳು. ನಡುವೆ ಒಂದು ಅಡ್ಡಗೆರೆ; ಅದು ಏಣಿಯ ಮೆಟ್ಟಿಲು. ಮೆಟ್ಟಿಲಿನ ಮೇಲೆ ಎಡದಿಂದ ಮೊದಲಿಗೆ ಕೆಂಪು ಗುಂಡಿ, ಆಮೇಲೆ ಹಸುರು ಗುಂಡಿ, ಬಲತುದಿಯಲ್ಲಿ ಸುರುಳಿ. ಸಂಪರ್ಕಗಳನ್ನು ಎದುರುಬದುರಾಗಿ ನಿಂತ ಎರಡು ಪುಟ್ಟ ಗೆರೆಗಳಿಂದಲೂ, ಸುರುಳಿಯನ್ನು ಎರಡು ಕಂಸಗಳಿಂದಲೂ ಸೂಚಿಸುತ್ತಾರೆ. ಹಸುರು ಗುಂಡಿಯ ಕೆಳಗೆ ಒಂದು ಕವಲನ್ನು ತೆಗೆದು ಅದರಲ್ಲಿ ಮೋಟಾರಿನ ಚಿಕ್ಕ ಸಂಪರ್ಕವನ್ನು ಬರೆಯಿರಿ. ಸಂಪರ್ಕಗಳು ಒಂದೇ ಸಾಲಿನಲ್ಲಿದ್ದರೆ 'ಇದೂ ಅದೂ' ಎಂದೂ, ಕವಲಿನಲ್ಲಿದ್ದರೆ 'ಇದಾದರೂ ಅದಾದರೂ' ಎಂದೂ ಅರ್ಥ. ತರ್ಕಶಾಸ್ತ್ರದ ಈ ಎರಡು ಮಾತುಗಳು ತಿಳಿದರೆ ಏಣಿಚಿತ್ರದ ವ್ಯಾಕರಣದಲ್ಲಿ ಅರ್ಧ ಮುಗಿದಂತೆಯೇ.

ಇಂಥ ಚಿತ್ರಗಳನ್ನು ವಿದ್ಯುತ್ ಕೆಲಸಗಾರರು ಬಹುಕಾಲದಿಂದ ಬರೆಯುತ್ತಿದ್ದರು. ದೊಡ್ಡ ಕಾರ್ಖಾನೆಗಳಲ್ಲಿ ನೂರಾರು ಸುರುಳಿಗಳು, ಅಂದರೆ ರಿಲೇಗಳು, ಗೋಡೆಯಷ್ಟು ಎತ್ತರದ ಬೀರುಗಳಲ್ಲಿ ತುಂಬಿರುತ್ತಿದ್ದವು. ತಯಾರಿಸುವ ವಸ್ತುವಿನ ಮಾದರಿ ಬದಲಾದಾಗಲೆಲ್ಲ ಆ ಬೀರುಗಳ ತಂತಿಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತಿತ್ತು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ ವಿಭಾಗದವರು ಇದರಿಂದ ಬೇಸತ್ತು, ತಂತಿಯನ್ನು ಬದಲಿಸದೆ ಆಜ್ಞೆಯನ್ನು ಮಾತ್ರ ಬದಲಿಸಬಹುದಾದ ಒಂದು ಸಾಧನ ಬೇಕೆಂದು 1968ರಲ್ಲಿ ಕೇಳಿದರು. ರಿಚರ್ಡ್ ಮಾರ್ಲಿ ಮತ್ತು ಅವರ ಸಂಗಡಿಗರು ಇದಕ್ಕೆ ಉತ್ತರವಾಗಿ ರೂಪಿಸಿದ ಯಂತ್ರಕ್ಕೆ ಮೋಡಿಕಾನ್ 084 ಎಂದು ಹೆಸರಾಯಿತು. ಅದು ಅವರ ಸಂಸ್ಥೆಯ 84ನೆಯ ಕೆಲಸವಾಗಿದ್ದುದೇ ಆ ಅಂಕೆಗೆ ಕಾರಣ. ಇಂದು ಪಿ.ಎಲ್.ಸಿ. ಎಂದು ಕರೆಯಲ್ಪಡುವ ನಿಯಂತ್ರಕಗಳ ವಂಶಕ್ಕೆ ಅದು ಮೂಲಪುರುಷನಿದ್ದಂತೆ.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಹೊಸ ಯಂತ್ರವು ಕೆಲಸಗಾರರ ಮೇಲೆ ಹೊಸ ಭಾಷೆಯನ್ನು ಹೇರಲಿಲ್ಲ. ಅವರು ಬರೆಯುತ್ತಿದ್ದ ಏಣಿಚಿತ್ರವನ್ನೇ ತಾನು ಓದಲು ಕಲಿಯಿತು. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳು ಇಂಥ ವಿದ್ಯೆ ತಮಗಲ್ಲವೆಂದು ಹಿಂಜರಿಯುವುದನ್ನು ಕಂಡಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ. ಗೆರೆಗೂ ಕವಲಿಗೂ ಮಾತೃಭಾಷೆಯೆಂಬುದಿಲ್ಲ. ಬೇಕಾದ ಇಂಗ್ಲಿಷ್ ಪದಗಳು ಒಂದು ಪುಟದಲ್ಲಿ ಹಿಡಿಯುವಷ್ಟು ಮಾತ್ರ.

ಅನೇಕ ಸಂಸ್ಥೆಗಳು ತಮ್ಮ ತಮ್ಮ ರೀತಿಯಲ್ಲಿ ಇಂಥ ಭಾಷೆಗಳನ್ನು ಬೆಳೆಸಿದುದರಿಂದ ಗೊಂದಲವುಂಟಾಯಿತು. 1993ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ತಾಂತ್ರಿಕ ಆಯೋಗವು ಐದು ಭಾಷೆಗಳಿಗೆ ಮಾನಕವನ್ನು ಗೊತ್ತುಪಡಿಸಿತು. ಅವುಗಳಲ್ಲಿ ಏಣಿಚಿತ್ರ, ಚೌಕಗಳನ್ನು ಗೆರೆಗಳಿಂದ ಜೋಡಿಸುವ ಕಾರ್ಯಚೌಕ ಚಿತ್ರ, ಒಂದಾದ ಮೇಲೊಂದು ಹಂತವನ್ನು ತೋರಿಸುವ ಅನುಕ್ರಮ ಚಿತ್ರ, ಈ ಮೂರೂ ಚಿತ್ರರೂಪದವು, ಉಳಿದೆರಡು ಅಕ್ಷರರೂಪದವು. ಪ್ರಾರಂಭಿಸುವವನಿಗೆ ಏಣಿಚಿತ್ರವೇ ಯೋಗ್ಯವೆಂಬುದು ನನ್ನ ಅಭಿಪ್ರಾಯ. ಉಳಿದವು ಆಮೇಲೆ ತಾವಾಗಿ ಬರುತ್ತವೆ.

ಕಲಿಯಲು ನಿಯಂತ್ರಕವನ್ನು ಕೊಳ್ಳಬೇಕಾಗಿಲ್ಲ. ವಿಂಡೋಸ್ ಇರುವ ಒಂದು ಗಣಕಯಂತ್ರ ಸಾಕು. ಜರ್ಮನಿಯ ಕೆಂಪ್ಟನ್ ಪಟ್ಟಣದ ಸಂಸ್ಥೆಯೊಂದು ಸಿದ್ಧಪಡಿಸಿರುವ ಕೋಡೆಸಿಸ್ ಎಂಬ ತಂತ್ರಾಂಶದ ಬರವಣಿಗೆಯ ಭಾಗವು ಬೆಲೆಯಿಲ್ಲದೆ ದೊರೆಯುತ್ತದೆ. ಅದನ್ನು ತೆರೆದು ಹೊಸ 'ಸ್ಟ್ಯಾಂಡರ್ಡ್ ಪ್ರಾಜೆಕ್ಟ್' ಆರಂಭಿಸಿದಾಗ ಭಾಷೆ ಯಾವುದೆಂದು ಕೇಳುತ್ತದೆ. 'ಲ್ಯಾಡರ್' ಎಂಬುದನ್ನು ಆರಿಸಿರಿ. ಖಾಲಿ ಮೆಟ್ಟಿಲೊಂದು ಕಾಣಿಸುತ್ತದೆ. ಅದರ ಮೇಲೆ ಸಂಪರ್ಕವನ್ನಿಟ್ಟರೆ ಹೆಸರಿನ ಸ್ಥಳದಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆಗಳಿರುತ್ತವೆ. ಅಲ್ಲಿ ಹೆಸರನ್ನು ಬರೆದೊಡನೆ ಅದು ಯಾವ ಜಾತಿಯದೆಂದು ಕೇಳುತ್ತದೆ. ನಿಜ ಅಥವಾ ಸುಳ್ಳು ಎಂಬ ಎರಡೇ ಬೆಲೆಗಳುಳ್ಳ 'ಬೂಲ್' ಎಂಬ ಜಾತಿಯನ್ನು ಒಪ್ಪಿಕೊಳ್ಳಿರಿ. ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿಡುವುದು ರೂಢಿ; ಆದರೆ ಯಾವ ಹೆಸರಿಗೆ ಏನರ್ಥವೆಂಬುದನ್ನು ಪಕ್ಕದ ನೋಟುಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದುಕೊಂಡರೆ ಒಳ್ಳೆಯದು. ಮೆಟ್ಟಿಲು ಸಿದ್ಧವಾದ ಮೇಲೆ 'ಆನ್‌ಲೈನ್' ಪಟ್ಟಿಯಲ್ಲಿ 'ಸಿಮ್ಯುಲೇಷನ್' ಎಂಬುದನ್ನು ಗುರುತು ಮಾಡಿ, 'ಲಾಗಿನ್' ಒತ್ತಿ, ಎಫ್5 ಕೀಲಿಯಿಂದ ಓಡಿಸಿರಿ. ಸಂಪರ್ಕದ ಮೇಲೆ ಎರಡು ಸಲ ಒತ್ತಿ ಹೊಸ ಬೆಲೆಯನ್ನು ಸಿದ್ಧಪಡಿಸಿ, ಕಂಟ್ರೋಲ್ ಮತ್ತು ಎಫ್7 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಬೆಲೆ ಜಾರಿಗೆ ಬರುತ್ತದೆ. ದಾರಿ ಕೂಡಿದ ಗೆರೆ ನೀಲಿಯಾಗುತ್ತದೆ. ತಾನು ಬರೆದ ಗೆರೆಗೆ ಮೊದಲ ಸಲ ನೀಲಿ ಬಣ್ಣ ಏರುವುದನ್ನು ಕಂಡ ಹುಡುಗನ ಮುಖವನ್ನು ನೋಡಬೇಕು!

ಒಂದು ಭ್ರಮೆಯನ್ನು ಇಲ್ಲಿಯೇ ಕಳೆಯಬೇಕು. ಚಿತ್ರದ ಗೆರೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ನಿಯಂತ್ರಕವು ಮೊದಲು ಹೊರಗಿನ ಗುಂಡಿಗಳ ಸ್ಥಿತಿಯನ್ನೆಲ್ಲ ಓದಿಕೊಳ್ಳುತ್ತದೆ. ಅನಂತರ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಲೆಕ್ಕ ಹಾಕುತ್ತದೆ. ಕಡೆಗೆ ಫಲವನ್ನು ಹೊರಗಿನ ಸುರುಳಿಗಳಿಗೆ ಕಳುಹಿಸುತ್ತದೆ. ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಇಂಥ ಒಂದು ಸುತ್ತಿಗೆ ಸಾಮಾನ್ಯವಾಗಿ ಕೆಲವು ಮಿಲಿಸೆಕೆಂಡುಗಳು ಹಿಡಿಯುತ್ತವೆ. ಆದುದರಿಂದ ಒಂದೇ ಹೆಸರಿನ ಸುರುಳಿಯನ್ನು ಎರಡು ಮೆಟ್ಟಿಲುಗಳಲ್ಲಿ ಬರೆದರೆ ಕೆಳಗಿನ ಮೆಟ್ಟಿಲಿನ ಮಾತೇ ಗೆಲ್ಲುತ್ತದೆ. ಮೇಲಿನದು ನೀಲಿಯಾಗಿದ್ದರೂ ಮೋಟಾರು ಓಡದು. ಕಲಿಯುವವನು ತಲೆ ಕೆರೆದುಕೊಳ್ಳುತ್ತಾನೆ.

ಇದಕ್ಕಿಂತ ಸೂಕ್ಷ್ಮವಾದುದು ಕೆಂಪು ಗುಂಡಿಯ ವಿಷಯ. ಈ ಲೇಖಕನೂ ಮೊದಲಿಗೆ ಇದರಲ್ಲಿ ಮೋಸ ಹೋದವನೇ. ಸಂಪರ್ಕದ ಚಿಹ್ನೆಗಳು ಎರಡು ಬಗೆ: ಬೆಲೆ ನಿಜವಾದಾಗ ಕೂಡುವುದು ಒಂದು, ಬೆಲೆ ಸುಳ್ಳಾಗಿರುವಾಗ ಕೂಡಿರುವುದು, ಅಂದರೆ ಓರೆಗೆರೆ ಎಳೆದದ್ದು, ಇನ್ನೊಂದು. ನಿಲ್ಲಿಸುವ ಗುಂಡಿಯಾದುದರಿಂದ ಓರೆಗೆರೆಯ ಸಂಪರ್ಕವೇ ಸರಿಯೆಂದು ತಿಳಿದು ಹಾಗೆಯೇ ಬರೆದಿದ್ದೆ. ಕಾಗದದ ಮೇಲೆ ಸರಿಯಾಗಿಯೇ ಕಂಡಿತು. ನಿಜವಾದ ಗುಂಡಿಯನ್ನು ಜೋಡಿಸಿದ ಮೇಲೆ ಮೋಟಾರು ಅಲುಗಲಿಲ್ಲ. ಅರ್ಧ ದಿನ ತಂತಿಗಳನ್ನು ತಡಕಿದ ಮೇಲೆ ತಪ್ಪು ತಂತಿಯದಲ್ಲ, ನನ್ನ ತಿಳಿವಳಿಕೆಯದೆಂದು ಗೊತ್ತಾಯಿತು. ನಿಲ್ಲಿಸುವ ಗುಂಡಿಯನ್ನು ಒತ್ತದಿರುವಾಗ ಅದು ಒಳಗೆ ಕೂಡಿಯೇ ಇರುತ್ತದೆ. ನಿಯಂತ್ರಕಕ್ಕೆ ಸದಾ 'ನಿಜ' ಎಂಬ ಸುದ್ದಿಯನ್ನು ಕಳುಹಿಸುತ್ತಿರುತ್ತದೆ. ಹಾಗಾಗಿ ಏಣಿಚಿತ್ರದಲ್ಲಿ ಅದಕ್ಕೆ ಓರೆಗೆರೆಯಿಲ್ಲದ ಸಾದಾ ಸಂಪರ್ಕವನ್ನೇ ಬರೆಯಬೇಕು.

ಗುಂಡಿಯನ್ನು ಹೀಗೆ ತಿರುಗುಮುರುಗಾಗಿ ಮಾಡಿದುದೇಕೆ? ಒತ್ತಿದಾಗ ಕೂಡುವ ಗುಂಡಿಯಿಂದಲೂ ಮೋಟಾರನ್ನು ನಿಲ್ಲಿಸಬಹುದಲ್ಲ? ನಿಲ್ಲಿಸಬಹುದು, ತಂತಿ ಗಟ್ಟಿಯಾಗಿರುವವರೆಗೆ. ಗುಂಡಿಯ ತಂತಿಯನ್ನು ಇಲಿ ಕಡಿದಿದೆಯೆಂದು ಭಾವಿಸಿರಿ. ಒತ್ತಿದಾಗ ಕೂಡುವ ಗುಂಡಿಯಾದರೆ ತಂತಿ ಕಡಿದ ಸುದ್ದಿ ಯಾರಿಗೂ ತಿಳಿಯದು. ಯಂತ್ರಕ್ಕೆ ಯಾರದೋ ಸೆರಗು ಸಿಕ್ಕಿಕೊಂಡು ಕೂಗಿಕೊಂಡಾಗ ಓಡಿ ಬಂದು ಒತ್ತಿದರೆ ಆ ಗುಂಡಿ ಕೆಲಸ ಮಾಡದು. ಸದಾ ಕೂಡಿರುವ ಗುಂಡಿಯಾದರೋ, ತಂತಿ ಕಡಿದ ಗಳಿಗೆಯಲ್ಲೇ 'ನಿಜ' ಎಂಬ ಸುದ್ದಿ ನಿಂತು ಮೋಟಾರು ನಿಲ್ಲುತ್ತದೆ. ಕೆಲಸ ಕೆಡುತ್ತದೆ, ಯಜಮಾನನಿಗೆ ಕೋಪ ಬರುತ್ತದೆ. ಆದರೆ ಮನುಷ್ಯ ಉಳಿಯುತ್ತಾನೆ. ಸಿಮ್ಯುಲೇಷನ್‌ನಲ್ಲಿ ಅಭ್ಯಾಸ ಮಾಡುವಾಗಲೂ ಕೆಂಪು ಗುಂಡಿಯ ಬೆಲೆಯನ್ನು ಮೊದಲು 'ನಿಜ' ಮಾಡಿ, ಆಮೇಲೆ ಹಸುರನ್ನು ಒತ್ತಿರಿ. ಅಪಾಯಕಾಲದ ದೊಡ್ಡ ಕೆಂಪು ಗುಂಡಿಯನ್ನಂತೂ ಕಾರ್ಖಾನೆಗಳಲ್ಲಿ ಸಾಮಾನ್ಯ ಪ್ರೋಗ್ರಾಮಿನ ವಶಕ್ಕೆ ಮಾತ್ರ ಬಿಡುವುದಿಲ್ಲ. ಸುರುಳಿಯ ದಾರಿಯನ್ನೇ ಕಡಿಯುವಂತೆ ಅದನ್ನು ಜೋಡಿಸುತ್ತಾರೆ.

ಕರೆಂಟು ಮರಳಿ ಬಂದಾಗಿನ ವಿಷಯವೂ ಇದೇ ಬಗೆಯದು. ನಮ್ಮ ಕಡೆ ಅನೇಕ ತೋಟಗಳಲ್ಲಿ ಆಟೋ ಸ್ಟಾರ್ಟರು ಎಂಬ ಚಿಕ್ಕ ಪೆಟ್ಟಿಗೆಯನ್ನು ಕೂಡಿಸಿದ್ದಾರೆ. ಮೂರು ಫೇಸುಗಳೂ ಬಂದೊಡನೆ ಅದು ತಾನೇ ಮೋಟಾರನ್ನು ಓಡಿಸುತ್ತದೆ. ರೈತರನ್ನು ಇದಕ್ಕಾಗಿ ದೂರುವವರಿದ್ದಾರೆ. ನಡುರಾತ್ರಿ ಕರೆಂಟು ಬಂದಾಗ ಹಾವು ಚೇಳುಗಳ ನಡುವೆ ಬ್ಯಾಟರಿ ಹಿಡಿದು ನಡೆದವರ ಕಷ್ಟವನ್ನು ಅರಿತವರು ಹಾಗೆ ದೂರಲಾರರು. ಆದರೆ ಕರೆಂಟಿಲ್ಲವೆಂದು ನಂಬಿ ಕೇಬಲ್ಲಿನ ಗಂಟನ್ನು ಬಿಚ್ಚಿ ಕುಳಿತವನ ಕೈಯಲ್ಲಿ 415 ವೋಲ್ಟು ಎಚ್ಚರಗೊಳ್ಳುವುದೂ ಇದೇ ಪೆಟ್ಟಿಗೆಯಿಂದಲೇ. ತಂದೆತಾಯಿಗಳು ದಯವಿಟ್ಟು ಇದನ್ನು ಮನಸ್ಸಿನಲ್ಲಿಡಬೇಕು: ದುರಸ್ತಿಗೆ ಕೈಹಾಕುವ ಮುನ್ನ ಮೇನ್ ಸ್ವಿಚ್ಚನ್ನು ತೆಗೆದು ಫ್ಯೂಸುಗಳನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಮಕ್ಕಳು ಆ ಪೆಟ್ಟಿಗೆಯನ್ನು ತೆರೆಯಲೇಬಾರದು; ಅವರ ಪ್ರಯೋಗವೆಲ್ಲ ಗಣಕದ ಪರದೆಯ ಮೇಲೆಯೇ ನಡೆಯಲಿ.

ಏಣಿಚಿತ್ರದಲ್ಲಿ ಈ ಅಪಾಯವು ಒಂದೇ ಪದದಲ್ಲಿ ಅಡಗಿದೆ. ಮೋಟಾರಿನ ಬೆಲೆಯನ್ನು ಸಾಮಾನ್ಯವಾಗಿ ಘೋಷಿಸಿದರೆ ನಿಯಂತ್ರಕವು ಹೊಸದಾಗಿ ಎಚ್ಚರವಾದಾಗ ಅದು 'ಸುಳ್ಳು' ಆಗಿರುತ್ತದೆ. 'ರಿಟೇನ್' ಎಂದು ಘೋಷಿಸಿದರೆ ಹಳೆಯ 'ನಿಜ'ವೇ ನೆನಪಿನಲ್ಲುಳಿದು, ಕರೆಂಟು ಬಂದೊಡನೆ ಯಂತ್ರವು ಹೇಳದೆ ಕೇಳದೆ ತಿರುಗತೊಡಗಬಹುದು. ತಾನಾಗಿ ಓಡಲೇಬೇಕಾದ ಪಂಪಿಗಾದರೆ 'ಟಾನ್' ಎಂಬ ಕಾಲಚೌಕವನ್ನು ನಡುವೆ ಇಡಿರಿ. ಅದಕ್ಕೆ ಮೂವತ್ತು ಸೆಕೆಂಡುಗಳ ಅವಧಿಯನ್ನು ಕೊಟ್ಟು, ಅಷ್ಟು ಹೊತ್ತು ಗಂಟೆ ಬಾರಿಸಿ, ಆಮೇಲೆ ಮೋಟಾರನ್ನು ಓಡಿಸುವಂತೆ ಬರೆಯಬಹುದು. ಒಂದೊಂದು ತೋಟಕ್ಕೆ ಒಂದೊಂದು ಅವಧಿಯನ್ನಿಟ್ಟರೆ ಇನ್ನೊಂದು ಲಾಭವೂ ಇದೆ. ನೇರವಾಗಿ ಓಡಿಸಿದ ಮೋಟಾರು ಪ್ರಾರಂಭದಲ್ಲಿ ತನ್ನ ವಾಡಿಕೆಯ ಐದಾರು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಎಲ್ಲರ ಮೋಟಾರುಗಳೂ ಒಂದೇ ಗಳಿಗೆಯಲ್ಲಿ ಎದ್ದರೆ ಟ್ರಾನ್ಸ್‌ಫಾರ್ಮರು ಹೇಗೆ ತಾಳೀತು?

ಈ ವಿದ್ಯೆ ನಮ್ಮಿಂದ ದೂರದಲ್ಲಿಲ್ಲ. ಕೃಷ್ಣೆಯ ನೀರನ್ನು ಹಂತಹಂತವಾಗಿ ಎತ್ತಿ ತರುವ ಹಂದ್ರಿ-ನೀವಾ ಯೋಜನೆಯ ಜೀಡಿಪಲ್ಲಿ ಜಲಾಶಯವು ನಮ್ಮ ಬೆಳುಗುಪ್ಪ ಮಂಡಲದಲ್ಲಿಯೇ ಇದೆ. ಒಂದು ಹಂತದ ಪಂಪು ನಿಂತರೆ ಮುಂದಿನದು ಒಣಗಿ ಓಡಬಾರದೆಂಬುದು ಏಣಿಚಿತ್ರದಲ್ಲಿ ಒಂದು ಸಂಪರ್ಕದ ಮಾತು. ನಮ್ಮ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಗಾಳಿ ಬೀಸುವ ಕಡೆಗೆ ಮುಖ ತಿರುಗಿಸುವುದೂ ನಿಯಂತ್ರಕದ ಆಜ್ಞೆಯಿಂದ. ಪೆನುಕೊಂಡದ ಬಳಿ 2019ರಲ್ಲಿ ಉತ್ಪಾದನೆಯನ್ನಾರಂಭಿಸಿದ ಕಿಯಾ ಕಾರು ಕಾರ್ಖಾನೆಗೆ ಮಡಕಶಿರಾದ ಹುಡುಗರಿಗೆ ಹತ್ತಿರದ ದಾರಿ.

ಕೊನೆಗೆ ಅಭ್ಯಾಸಕ್ಕಾಗಿ ಒಂದು ಲೆಕ್ಕ. ಶಾಲೆಯ ಮಾಳಿಗೆಯ ನೀರಿನ ತೊಟ್ಟಿಗೆ ಎರಡು ತೇಲುಗುಂಡಿನ ಸ್ವಿಚ್ಚುಗಳಿವೆ. ನೀರು ಕೆಳಗಿನದಕ್ಕಿಂತ ತಗ್ಗಿದಾಗ ಪಂಪು ಓಡಬೇಕು. ಮೇಲಿನದನ್ನು ಮುಟ್ಟಿದಾಗ ನಿಲ್ಲಬೇಕು. ನಡುವೆ ಇರುವಾಗ ಓಡುತ್ತಿದ್ದರೆ ಓಡುತ್ತಲೇ, ನಿಂತಿದ್ದರೆ ನಿಂತೇ ಇರಬೇಕು. ಬೋರಿನ ಸ್ಟಾರ್ಟರಿನ ಮೆಟ್ಟಿಲನ್ನೇ ಮುಂದಿಟ್ಟುಕೊಂಡು ಇದನ್ನು ಬರೆಯಿರಿ. ಮೇಲಿನ ಸ್ವಿಚ್ಚಿನ ತಂತಿಯನ್ನು ಕೋತಿ ಕಿತ್ತರೆ ತೊಟ್ಟಿ ತುಂಬಿ ಹರಿದು ನೀರು ಪೋಲಾಗಬಾರದು, ಪಂಪು ನಿಲ್ಲಬೇಕು. ಹಾಗಾದರೆ ತೊಟ್ಟಿ ತುಂಬದಿರುವಾಗ ಆ ಸ್ವಿಚ್ಚು ಕೂಡಿರಬೇಕೋ, ಬಿಟ್ಟಿರಬೇಕೋ? ಕೆಳಗಿನ ಸ್ವಿಚ್ಚಿನ ತಂತಿಯನ್ನೂ ಕೋತಿ ಕಿತ್ತರೆ ನಿಮ್ಮ ಚಿತ್ರದಲ್ಲಿ ಏನಾಗುತ್ತದೆ?